ಕಲ್ಲು ಒಡೆಯುವವರನ್ನು ಬರೆದ ಕೂರ್ಬೆ

ಈ ಶಾಲೆಯಲ್ಲಿ ಚಿತ್ರಕಲಾ ಶಿಕ್ಷಕನಾಗಿದ್ದಾಗ ನಾನು ಮಕ್ಕಳಿಂದ ಹೆಚ್ಚಾಗಿ ಬರೆಸಿದ್ದು ಎರಡು ಗುಡ್ಡ, ನಡುವೆ ಸೂರ್ಯ, ಒಂದು ಹೊಳೆ, ಒಂದು ತೆಂಗಿನ ಮರ. ಒಮ್ಮೆ ಒಬ್ಬ ಹುಡುಗ ರಸ್ತೆ ಬದಿಯಲ್ಲಿ ಜಲ್ಲಿ ಒಡೆಯುತ್ತಿದ್ದ ತನ್ನ ತಾಯಿಯ ಚಿತ್ರ ಬರೆದು ತಂದ. ಇದು ಚಿತ್ರಕ್ಕೆ ತಕ್ಕ ವಿಷಯವಲ್ಲವೆಂದು ಹಾಳೆಯನ್ನು ಹಿಂದಕ್ಕೆ ಕೊಟ್ಟೆ. ಎಷ್ಟೋ ವರ್ಷಗಳ ಮೇಲೆ ಒಂದು ಪುಸ್ತಕದಲ್ಲಿ ಫ್ರಾನ್ಸಿನ ಚಿತ್ರಕಾರ ಗುಸ್ತಾವ್ ಕೂರ್ಬೆಯ ಚಿತ್ರವೊಂದನ್ನು ಕಂಡಾಗ ನನ್ನ ತಪ್ಪು ಅರಿವಾಯಿತು.

ಕೂರ್ಬೆ ಹುಟ್ಟಿದ್ದು 1819ರಲ್ಲಿ, ಪೂರ್ವ ಫ್ರಾನ್ಸಿನ ಓರ್ನಾನ್ ಎಂಬ ಸಣ್ಣ ಊರಿನ ಜಮೀನುದಾರ ರೈತ ಕುಟುಂಬದಲ್ಲಿ. ಇಪ್ಪತ್ತರ ಹರೆಯದಲ್ಲಿ ಪ್ಯಾರಿಸ್ಸಿಗೆ ಹೋಗಿ, ಲೂವ್ರ್ ವಸ್ತುಸಂಗ್ರಹಾಲಯದಲ್ಲಿ ಹಿಂದಿನ ಮಹಾಕಲಾವಿದರ ಚಿತ್ರಗಳನ್ನು ನೋಡಿ ಬರೆಯುತ್ತ ಕಲಿತ. ಆಗ ದೊಡ್ಡ ಚಿತ್ರಪಟವೆಂದರೆ ದೇವರು, ಅರಸರು, ವೀರರಿಗೆ ಮೀಸಲು. ದುಡಿಯುವವರಿಗೆ ಚಿಕ್ಕ ಪಟವೇ ಸಾಕೆಂಬುದು ರೂಢಿ.

1849ರಲ್ಲಿ ರಸ್ತೆಗೆ ಕಲ್ಲು ಒಡೆಯುತ್ತಿದ್ದ ಒಬ್ಬ ಮುದುಕ ಮತ್ತು ಒಬ್ಬ ಹುಡುಗನನ್ನು ಕೂರ್ಬೆ ನೋಡಿದ. ಅವರನ್ನು ಕರೆಸಿ ಕೂರಿಸಿಕೊಂಡು ಆಳೆತ್ತರಕ್ಕೆ ಬರೆದ. ಹರಿದ ಬಟ್ಟೆ, ಸುತ್ತಿಗೆ, ಕಲ್ಲಿನ ಬುಟ್ಟಿ ಎಲ್ಲವೂ ಅಲ್ಲಿವೆ. ಮುಖಗಳು ಮಾತ್ರ ಸರಿಯಾಗಿ ಕಾಣುವುದಿಲ್ಲ, ಕಾಣುವುದು ದುಡಿಮೆ. ಮುಂದೆ ತನ್ನೂರಿನ ಒಂದು ಶವಸಂಸ್ಕಾರವನ್ನು ಸುಮಾರು 22 ಅಡಿ ಅಗಲದ ಪಟದಲ್ಲಿ ಬರೆದ. ಅದರಲ್ಲಿರುವ ನಲವತ್ತಕ್ಕೂ ಹೆಚ್ಚು ಮಂದಿ ಓರ್ನಾನಿನ ಜನರೇ. ಹಲವು ವಿಮರ್ಶಕರು ಕುರೂಪವೆಂದು ಹೀಗಳೆದರು. 1855ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಆ ಚಿತ್ರಕ್ಕೆ ಜಾಗ ಸಿಗದಿದ್ದಾಗ, ಆತ ಹತ್ತಿರದಲ್ಲೇ ಸ್ವಂತ ಮಂಟಪ ಕಟ್ಟಿಸಿ, ವಾಸ್ತವವಾದ ಎಂಬ ಹೆಸರಿಟ್ಟು ತನ್ನ ಚಿತ್ರಗಳನ್ನು ತೋರಿಸಿದ.

ಕಣ್ಣಾರೆ ಕಂಡದ್ದನ್ನೇ ಬರೆಯಬೇಕೆಂಬುದು ಆತನ ತತ್ವ. ಗೆಳೆಯನಾಗಿದ್ದ ಚಿಂತಕ ಪ್ರೂಧೋನ್ ಆ ಕಲ್ಲು ಒಡೆಯುವವರ ಚಿತ್ರದಲ್ಲಿ ಒಂದು ನೀತಿಪಾಠವನ್ನೇ ಕಂಡ. ವಾಸ್ತವವಾದವೆಂದರೆ ಕಂಡದ್ದರ ನಕಲು ಮಾತ್ರವಲ್ಲ, ದಿನವೂ ಎದುರಿಗಿದ್ದರೂ ನಾವು ಲೆಕ್ಕಕ್ಕಿಡದವರಿಗೆ ಅರಸನಷ್ಟೇ ಜಾಗ ಕೊಡುವುದು ಎಂದು ನನಗೆ ತಿಳಿದದ್ದು ಆಗ.

ಕಾಲಕ್ಕೆ ತಕ್ಕಂತೆ ಹೊಂದಿಕೊಂಡು ಹೋಗುವವನನ್ನು ನಾವು ವಾಸ್ತವವಾದಿ ಎನ್ನುವುದುಂಟು. ಆ ಅರ್ಥದಲ್ಲಿ ಕೂರ್ಬೆ ವಾಸ್ತವವಾದಿಯೇ ಅಲ್ಲ. 1870ರಲ್ಲಿ ಸರ್ಕಾರ ಕೊಡಬಂದ ಗೌರವ ಪದಕವನ್ನು ಬೇಡವೆಂದ. ಮರುವರ್ಷ ಪ್ಯಾರಿಸ್ ಕಮ್ಯೂನಿನ ದಂಗೆಯಲ್ಲಿ ಸೇರಿದ. ಆಗ ನೆಪೋಲಿಯನ್ನನ ವಿಜಯಸ್ತಂಭವನ್ನು ಉರುಳಿಸಿದ ಹೊಣೆ ಆತನ ತಲೆಗೆ ಬಂತು. ಆರು ತಿಂಗಳ ಸೆರೆವಾಸವಾಯಿತು. ಆಮೇಲೆ ಸ್ತಂಭವನ್ನು ಮತ್ತೆ ನಿಲ್ಲಿಸುವ ಖರ್ಚನ್ನೂ ಆತನೇ ಕೊಡಬೇಕೆಂದು ತೀರ್ಮಾನವಾಯಿತು. 1873ರಲ್ಲಿ ಸ್ವಿಟ್ಜರ್ಲೆಂಡಿಗೆ ಹೋದವನು ತಾಯ್ನಾಡಿಗೆ ಮರಳಲಿಲ್ಲ. ಮೂರು ಲಕ್ಷ ಫ್ರಾಂಕಿಗೂ ಮೀರಿದ ಆ ಬಾಕಿಯ ಮೊದಲ ಕಂತು ಕಟ್ಟಬೇಕಿದ್ದ ಹಿಂದಿನ ದಿನ, 1877ರ ಡಿಸೆಂಬರ್ 31ರಂದು, 58ನೆಯ ವಯಸ್ಸಿನಲ್ಲಿ ತೀರಿಕೊಂಡ.

ಕಲ್ಲು ಒಡೆಯುವವರ ಆ ದೊಡ್ಡ ಚಿತ್ರವೂ ಈಗಿಲ್ಲ. 1945ರಲ್ಲಿ, ಎರಡನೆಯ ಮಹಾಯುದ್ಧದಲ್ಲಿ ನಾಶವಾಯಿತು. ಉಳಿದಿರುವುದು ಅದರ ಫೋಟೋಗಳು. ನಮ್ಮ ಹುಡುಗನ ಹಾಳೆ ಏನಾಯಿತೋ ನಾನು ಕೇಳಲಿಲ್ಲ. ಅವನು ಈ ಸಂಚಿಕೆಯನ್ನು ಓದಿದರೆ, ಅಂದು ಕೊಡದ ಅಂಕಗಳನ್ನು ಅವನ ಮೇಷ್ಟ್ರು ಇಂದು ಪೂರ್ತಿಯಾಗಿ ಕೊಟ್ಟಿದ್ದಾರೆಂದು ತಿಳಿಯಲಿ. ಈಗಿನ ಶಿಕ್ಷಕ ಮಿತ್ರರಲ್ಲಿ ನನ್ನದೊಂದು ವಿನಂತಿ: ಮಕ್ಕಳು ತಮ್ಮ ಮನೆಯವರ ದುಡಿಮೆಯನ್ನು ಬರೆದು ತಂದಾಗ, ದಯವಿಟ್ಟು ದೊಡ್ಡ ಹಾಳೆ ಕೊಡಿ.