ಓಟವನ್ನು ಪೂರೈಸಿದ ದೇವಸೇವಕ: ಎರಿಕ್ ಲಿಡೆಲ್

ಸಂತ ಪೌಲರು ಕ್ರೈಸ್ತ ಬಾಳನ್ನು ಓಟದ ಪಂದ್ಯಕ್ಕೆ ಹೋಲಿಸಿದರು. ಕೊರಿಂಥ ನಗರದ ಬಳಿ ಎರಡು ವರ್ಷಗಳಿಗೊಮ್ಮೆ ಇಸ್ತ್ಮಿಯಾ ಕ್ರೀಡೋತ್ಸವ ನಡೆಯುತ್ತಿದ್ದುದರಿಂದ ಈ ಹೋಲಿಕೆ ಅಲ್ಲಿನ ವಿಶ್ವಾಸಿಗಳಿಗೆ ಕಣ್ಣಿಗೆ ಕಟ್ಟಿದಂತಿತ್ತು. ಬಾಡಿಹೋಗುವ ಜಯಮಾಲೆಗಾಗಿ ಓಟಗಾರನು ತನ್ನ ದೇಹವನ್ನು ಇಷ್ಟೊಂದು ದಂಡಿಸುವನಾದರೆ, ಎಂದಿಗೂ ಬಾಡದ ಜಯಮಾಲೆಯನ್ನು ಅರಸುವ ನಾವು ಎಷ್ಟು ಶಿಸ್ತಿನಿಂದ ಬಾಳಬೇಕೆಂಬುದು ಪೌಲರ ಉಪದೇಶದ ತಿರುಳು. ಈ ಉಪದೇಶವನ್ನು ಅಕ್ಷರಶಃ ತನ್ನ ಕಾಲುಗಳಿಂದಲೂ ತನ್ನ ಪ್ರಾಣದಿಂದಲೂ ಬಾಳಿ ತೋರಿಸಿದ ಒಬ್ಬ ಮಹನೀಯರ ಚರಿತ್ರೆಯನ್ನು ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ನಮ್ಮ ವಾಚಕರ ಮುಂದಿಡಲು ಬಯಸುತ್ತೇವೆ.

ಇದಕ್ಕೆ ಕಾರಣವುಂಟು. ಚಂದ್ರಂಪಳ್ಳಿ ಜಲಾಶಯದತ್ತ ಹೋಗುವ ಹಾದಿಯಲ್ಲಿ, ಸೇಡಂ ಚಿತ್ತಾಪುರಗಳ ರಸ್ತೆಯ ಅಂಚಿನಲ್ಲಿ, ವಾಡಿ ಶಹಾಬಾದುಗಳ ಮೈದಾನಗಳಲ್ಲಿ ನಸುಕಿನಲ್ಲೇ ಓಡುವ ತರುಣರನ್ನು ಇಂದು ನಾವು ಕಾಣುತ್ತೇವೆ. ಅನೇಕರಿಗೆ ಪೊಲೀಸ್ ಭರ್ತಿಯ ಅಥವಾ ಸೈನ್ಯದ ಭರ್ತಿಯ ಓಟವೇ ಗುರಿ. 1600 ಮೀಟರುಗಳ ಆ ಓಟದಲ್ಲಿ ಕೆಲವೇ ಸೆಕೆಂಡುಗಳು ಒಂದು ಮನೆಯ ಅನ್ನವನ್ನು ನಿರ್ಧರಿಸುತ್ತವೆ. ಹುರುಪಿನಿಂದ ಆರಂಭಿಸಿದವರಲ್ಲಿ ಹಲವರು ಎರಡನೆಯ ವಾರಕ್ಕೇ ಕೈಬಿಡುತ್ತಾರೆ. ಒಮ್ಮೆ ಸೋತವರು ಮತ್ತೆ ಮೈದಾನದ ಕಡೆ ಮುಖ ಹಾಕುವುದಿಲ್ಲ. ಕನ್ನಡ ನಾಡಿಗೆ ದೂರದ ಓಟ ಹೊಸತೇನೂ ಅಲ್ಲ. ಬೆಳಗಾವಿಯ ಫಡೆಪ್ಪ ಚೌಗುಲೆಯವರು 1920ರಲ್ಲಿಯೇ ಆಂಟ್ವರ್ಪ್ ಒಲಿಂಪಿಕ್ ಕ್ರೀಡೆಗಳಲ್ಲಿ 42 ಕಿಲೋಮೀಟರಿಗೂ ಮೀರಿದ ಮ್ಯಾರಥಾನ್ ಓಟವನ್ನು ಪೂರೈಸಿ 19ನೆಯ ಸ್ಥಾನ ಪಡೆದಿದ್ದರು. ಕಾಲಿನ ಬಲ ನಮ್ಮಲ್ಲಿದೆ. ಆ ಬಲವನ್ನು ಕೊನೆಯವರೆಗೂ ಕಾಯುವ ಪ್ರೇರಣೆ ಎಲ್ಲಿಂದ ಬರಬೇಕು ಎಂಬುದೇ ಪ್ರಶ್ನೆ. ಎರಿಕ್ ಲಿಡೆಲ್ ಅವರ ಬಾಳು ಈ ಪ್ರಶ್ನೆಗೆ ಉತ್ತರ ಕೊಡುತ್ತದೆಂದು ನಾವು ನಂಬುತ್ತೇವೆ.

ಎರಿಕ್ ಹೆನ್ರಿ ಲಿಡೆಲ್ ಅವರು 1902ರ ಜನವರಿ 16ರಂದು ಚೀನಾ ದೇಶದ ಟಿಯೆಂಟ್ಸಿನ್ ನಗರದಲ್ಲಿ ಜನಿಸಿದರು. ತಂದೆತಾಯಿಗಳು ಲಂಡನ್ ಮಿಷನರಿ ಸಂಸ್ಥೆಯ ಸ್ಕಾಟ್ಲೆಂಡಿನ ಧರ್ಮಪ್ರಚಾರಕರು. ಆರನೆಯ ವಯಸ್ಸಿನಲ್ಲೇ ಬಾಲಕನನ್ನು ಅಣ್ಣನೊಡನೆ ಇಂಗ್ಲೆಂಡಿನ ವಸತಿಶಾಲೆಯಲ್ಲಿ ಬಿಡಲಾಯಿತು. 1920ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯವನ್ನು ಸೇರಿ ವಿಜ್ಞಾನವನ್ನು ಅಭ್ಯಸಿಸಿದರು. ಮರುವರ್ಷ ಗೆಳೆಯನೊಬ್ಬನ ಒತ್ತಾಯಕ್ಕೆ ಮಣಿದು ವಿಶ್ವವಿದ್ಯಾಲಯದ ಓಟಕ್ಕೆ ಹೆಸರು ಕೊಟ್ಟರು. ಅಭ್ಯಾಸದ ನಡುವೆಯೇ ಬೈಸಿಕಲ್ ಪ್ರವಾಸಕ್ಕೆ ಹೋಗಿ ಬಂದುದರಿಂದ ಸ್ನಾಯುಗಳೆಲ್ಲ ಬಿಗಿದುಕೊಂಡಿದ್ದವು. ಅವನ್ನು ಸಡಿಲಿಸಿ, ನಿಧಾನವಾಗಿ ಪಳಗಿಸಿ, ಮೈಯನ್ನು ಓಟಕ್ಕೆ ಅಣಿಗೊಳಿಸಿದವರು ತರಬೇತುದಾರ ಟಾಮ್ ಮೆಕ್‌ಕರ್ಚರ್. ಲಿಡೆಲ್ ಅವರ ಓಟದ ಭಂಗಿ ನೋಡಲು ಚೆಂದವಾಗಿರಲಿಲ್ಲ. ತಲೆ ಹಿಂದಕ್ಕೆ ವಾಲುತ್ತಿತ್ತು, ಬಾಯಿ ತೆರೆದಿರುತ್ತಿತ್ತು, ಕೈಗಳು ಗಾಳಿಯನ್ನು ಬಡಿಯುತ್ತಿದ್ದವು. ತನ್ನ ಓಟವನ್ನು ನೋಡಿ ಯಾರು ನಗುವರೋ ಎಂದು ನಾಚುವ ಹೊಸ ಓಟಗಾರರು ಇದನ್ನು ನೆನೆಯಬೇಕು.

ಸ್ವಭಾವತಃ ಅವರು ಸಂಕೋಚದ ಮನುಷ್ಯ. 1923ರ ಏಪ್ರಿಲ್ ತಿಂಗಳಲ್ಲಿ ಗಣಿ ಕಾರ್ಮಿಕರ ಊರಾದ ಆರ್ಮಡೇಲ್‌ನಲ್ಲಿ ತಮ್ಮ ವಿಶ್ವಾಸವನ್ನು ಕುರಿತು ನಾಲ್ಕು ಮಾತುಗಳನ್ನು ಆಡಬೇಕೆಂದು ಕೇಳಿಕೊಂಡಾಗ ಅಳುಕುತ್ತಲೇ ಒಪ್ಪಿದರು. ಅಂದಿನಿಂದ ಅವರ ಓಟಕ್ಕೂ ಅವರ ವಿಶ್ವಾಸಕ್ಕೂ ನಡುವಿನ ಗೋಡೆ ಕುಸಿಯಿತು. ಓಡುವ ಶಕ್ತಿ ದೇವರ ವರ, ಅದನ್ನು ಬಳಸುವುದೂ ಒಂದು ಆರಾಧನೆ ಎಂಬ ಅರಿವು ಅವರಲ್ಲಿ ಬೇರೂರಿತು. ಅದೇ ವರ್ಷದ ಜುಲೈನಲ್ಲಿ ಸ್ಟೋಕ್ ನಗರದ 440 ಗಜಗಳ ಓಟದಲ್ಲಿ ಮತ್ತೊಬ್ಬ ಸ್ಪರ್ಧಿಗೆ ತಾಗಿ ಅವರು ಪಥದಿಂದಾಚೆಗೆ ಬಿದ್ದರು. ಎದ್ದು ನಿಲ್ಲುವಷ್ಟರಲ್ಲಿ ಉಳಿದವರು ಸುಮಾರು 20 ಗಜ ಮುಂದಿದ್ದರು. ಆದರೂ ಓಡಿದರು, ಎಲ್ಲರನ್ನೂ ಹಿಂದಿಕ್ಕಿ ಗೆದ್ದು, ಗೆರೆಯನ್ನು ದಾಟುತ್ತಲೇ ಕುಸಿದುಬಿದ್ದರು.

1924ರ ಪ್ಯಾರಿಸ್ ಒಲಿಂಪಿಕ್ ಕ್ರೀಡೆಗಳಲ್ಲಿ 100 ಮೀಟರ್ ಓಟದ ಪದಕ ಅವರಿಗೇ ಎಂದು ಅವರ ನಾಡಿನ ಜನರು ಆಸೆಯಿಟ್ಟಿದ್ದರು. ಆದರೆ ಅದರ ಪ್ರಾಥಮಿಕ ಸುತ್ತುಗಳು ಜುಲೈ 6ರ ಭಾನುವಾರಕ್ಕೆ ಗೊತ್ತಾಗಿದ್ದವು. ಪ್ರಭುವಿನ ದಿನದಂದು ಓಡಲಾರೆನೆಂದು ಅವರು ತಿಂಗಳುಗಳ ಮುಂಚೆಯೇ ತಿಳಿಸಿದರು. ಎರಡು ರಿಲೇ ಓಟಗಳನ್ನೂ ಅದೇ ಕಾರಣದಿಂದ ಬಿಟ್ಟುಕೊಟ್ಟರು. ಪತ್ರಿಕೆಗಳ ಟೀಕೆ ಅವರನ್ನು ಅಲುಗಿಸಲಿಲ್ಲ. ಬಿಟ್ಟುಕೊಟ್ಟು ಸುಮ್ಮನೆ ಕೂಡಲೂ ಇಲ್ಲ. ಉಳಿದ ತಿಂಗಳುಗಳನ್ನು 200 ಮತ್ತು 400 ಮೀಟರುಗಳ ಅಭ್ಯಾಸಕ್ಕೆ ಮುಡಿಪಿಟ್ಟರು. 200 ಮೀಟರಿನಲ್ಲಿ ಕಂಚಿನ ಪದಕ ಬಂದಿತು. ಜುಲೈ 11ರಂದು 400 ಮೀಟರ್ ಓಟಕ್ಕೆ ಹೊರಡುವ ಮುನ್ನ ತಂಡದ ಅಂಗಮರ್ದಕನೊಬ್ಬನು ಅವರಿಗೆ ಒಂದು ಚೀಟಿ ಕೊಟ್ಟಿದ್ದನು. ದೇವರನ್ನು ಗೌರವಿಸುವವರನ್ನು ದೇವರೂ ಗೌರವಿಸುವರೆಂಬ ಹಳೆಯ ಒಡಂಬಡಿಕೆಯ ಆಶಯ ಅದರಲ್ಲಿತ್ತು. ಅತ್ಯಂತ ಹೊರಗಿನ ಪಥದಲ್ಲಿ ಓಡಿದ ಅವರು 47.6 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಚಿನ್ನದ ಪದಕವನ್ನೂ ವಿಶ್ವದಾಖಲೆಯನ್ನೂ ಪಡೆದರು. 1981ರಲ್ಲಿ ಬಂದ ಚಾರಿಯಟ್ಸ್ ಆಫ್ ಫೈರ್ ಎಂಬ ಚಲನಚಿತ್ರ ಈ ಪ್ರಸಂಗವನ್ನು ಜಗತ್ತಿಗೆ ಪರಿಚಯಿಸಿತು.

ಇಲ್ಲಿ ಒಂದು ತಪ್ಪುಗ್ರಹಿಕೆಗೆ ಎಡೆಗೊಡಬಾರದು. ಪ್ರಾರ್ಥಿಸಿದವರೆಲ್ಲ ಗೆಲ್ಲುವರು ಎಂಬುದು ಈ ಚರಿತ್ರೆಯ ಪಾಠವಲ್ಲ. ಹಾಗಿದ್ದಿದ್ದರೆ ಆ 200 ಮೀಟರ್ ಓಟದಲ್ಲಿ ಅವರು ಮೂರನೆಯವರಾಗುತ್ತಿರಲಿಲ್ಲ. ಪದಕಕ್ಕಿಂತ ಮೇಲಾದುದೊಂದು ತನ್ನ ಬಾಳಿನಲ್ಲಿದೆ ಎಂದು ತಿಳಿದವನಿಗೆ ಸೋಲಿನ ಭಯ ಕಳೆಯುತ್ತದೆ; ಭಯ ಕಳೆದವನು ನಿರಾಳವಾಗಿ ಓಡುತ್ತಾನೆ. ವಿಶ್ವಾಸವು ಅವರಿಗೆ ಕೊಟ್ಟ ಬಲ ಇದೇ.

ಕೀರ್ತಿಯ ಶಿಖರದಲ್ಲಿದ್ದಾಗಲೇ, 1925ರಲ್ಲಿ, ಅವರು ಚೀನಾಕ್ಕೆ ಹಿಂದಿರುಗಿದರು. ಟಿಯೆಂಟ್ಸಿನ್‌ನ ಕಾಲೇಜಿನಲ್ಲಿ ವಿಜ್ಞಾನವನ್ನು ಬೋಧಿಸಿದರು, ಹುಡುಗರಿಗೆ ಆಟೋಟಗಳನ್ನು ಕಲಿಸಿದರು. 1932ರಲ್ಲಿ ದೀಕ್ಷೆ ಪಡೆದು ಬೋಧಕರಾದರು. 1934ರಲ್ಲಿ ಫ್ಲಾರೆನ್ಸ್ ಮೆಕೆಂಜಿಯವರನ್ನು ವಿವಾಹವಾದರು. 1937ರಲ್ಲಿ ಜಪಾನ್ ಚೀನಾಗಳ ಯುದ್ಧ ಹೊತ್ತಿಕೊಂಡ ಮೇಲೆ ಬಡ ಹಳ್ಳಿಗಳ ಸೀಮೆಯಾದ ಸಿಯಾವೊಚಾಂಗ್‌ಗೆ ಹೋಗಿ, ವೈದ್ಯರಾದ ಅಣ್ಣನ ಜೊತೆ ಸೇವೆಗೆ ನಿಂತರು. ಕಾಲ್ನಡಿಗೆಯಲ್ಲಿ, ಬೈಸಿಕಲ್ಲಿನಲ್ಲಿ ಊರೂರು ಸುತ್ತಿದರು. ಗಾಯಗೊಂಡವರನ್ನು ಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ತಂದರು. 1941ರಲ್ಲಿ ಅಪಾಯ ಹೆಚ್ಚಿದಾಗ ಗರ್ಭಿಣಿಯಾಗಿದ್ದ ಪತ್ನಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕೆನಡಾಕ್ಕೆ ಕಳುಹಿಸಿ ತಾವು ಉಳಿದರು. ಮೂರನೆಯ ಮಗಳ ಮುಖವನ್ನು ಅವರು ಎಂದೂ ಕಾಣಲಿಲ್ಲ.

1943ರ ಮಾರ್ಚ್ ತಿಂಗಳಲ್ಲಿ ಜಪಾನೀಯರು ಅವರನ್ನು ಶಾಂಟುಂಗ್ ಪ್ರಾಂತದ ವೈಹ್ಸಿಯೆನ್ ಬಂಧನ ಶಿಬಿರದಲ್ಲಿರಿಸಿದರು. ನೂರಾರು ಕಥೋಲಿಕ ಯಾಜಕರೂ ಕನ್ಯಾಸ್ತ್ರೀಯರೂ ಆರಂಭದ ತಿಂಗಳುಗಳಲ್ಲಿ ಅದೇ ಶಿಬಿರದಲ್ಲಿದ್ದರು. ಹಸಿದ ಮಕ್ಕಳಿಗಾಗಿ ಗೋಡೆಯಾಚೆಯ ರೈತರಿಂದ ಗುಟ್ಟಾಗಿ ಮೊಟ್ಟೆಗಳನ್ನು ತರಿಸುತ್ತಿದ್ದ ಟ್ರಾಪಿಸ್ಟ್ ಸಂನ್ಯಾಸಿ ಪೂಜ್ಯ ಪ್ಯಾಟ್ರಿಕ್ ಸ್ಕ್ಯಾನ್ಲನ್ ಅವರನ್ನು ಅಲ್ಲಿ ಬದುಕುಳಿದವರು ಕೃತಜ್ಞತೆಯಿಂದ ಸ್ಮರಿಸಿದ್ದಾರೆ. ಲಿಡೆಲ್ ಅವರು ನಮ್ಮ ಧರ್ಮಸಭೆಯವರಾಗಿರಲಿಲ್ಲ. ಆದರೆ ಬೇರ್ಪಟ್ಟ ಸೋದರರಲ್ಲಿ ಕಾಣುವ ಕ್ರಿಸ್ತನ ಕೃಪಾಫಲಗಳನ್ನು ಹರ್ಷದಿಂದ ಮನ್ನಿಸಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ನಮಗೆ ಬೋಧಿಸಿತು. ಆ ಐಕ್ಯ ವೈಹ್ಸಿಯೆನ್‌ನ ಸೆರೆಗೋಡೆಗಳ ಒಳಗೆ ಇಪ್ಪತ್ತು ವರ್ಷ ಮೊದಲೇ ಮೊಳೆತಿತ್ತೆನ್ನಬಹುದು.

ಶಿಬಿರದಲ್ಲಿ ಲಿಡೆಲ್ ಅವರು ಮುಂಜಾನೆ ಬೇಗನೆ ಎದ್ದು ಪ್ರಾರ್ಥಿಸುತ್ತಿದ್ದರು. ಹಗಲೆಲ್ಲ ವೃದ್ಧರಿಗೆ ನೀರು ಹೊತ್ತರು, ಮಕ್ಕಳಿಗೆ ಪಾಠ ಹೇಳಿದರು, ಮುರಿದ ಹಾಕಿ ಕೋಲುಗಳನ್ನು ಕಟ್ಟಿಕೊಟ್ಟರು. ತಂದೆತಾಯಿಗಳಿಂದ ದೂರವಾಗಿದ್ದ ಮಕ್ಕಳಿಗೆ ಅವರು ಎರಿಕ್ ಮಾಮನಾದರು. ಮೊದಮೊದಲು ಅಲ್ಲಿಯೂ ಭಾನುವಾರ ಆಟಗಳನ್ನು ನಡೆಸಲು ಒಪ್ಪಲಿಲ್ಲ. ಹಿರಿಯರಿಲ್ಲದೆ ಆಡಿದ ಹುಡುಗರು ಹೊಡೆದಾಟಕ್ಕೆ ಇಳಿದಾಗ, ಮುಂದಿನ ಭಾನುವಾರ ತಾವೇ ಮೈದಾನಕ್ಕೆ ಬಂದು ತೀರ್ಪುಗಾರರಾಗಿ ನಿಂತರು. ತನಗೆ ಬರಬಹುದಾದ ಚಿನ್ನಕ್ಕಾಗಿ ಮುರಿಯದ ನಿಯಮವನ್ನು ಪರರ ಮಕ್ಕಳ ಹಿತಕ್ಕಾಗಿ ಸಡಿಲಿಸಿದ ಈ ನಡತೆಯನ್ನು ನಾವು ಪ್ಯಾರಿಸ್ಸಿನ ವಿಜಯಕ್ಕಿಂತ ಮಿಗಿಲೆಂದು ಎಣಿಸುತ್ತೇವೆ. ಸಬ್ಬತ್ ದಿನ ಮನುಷ್ಯನಿಗಾಗಿ ಇದೆಯೆಂದು ತಿಳಿಸಿದ ಯೇಸುಸ್ವಾಮಿಯ ಹೃದಯವನ್ನು ಅವರು ಅರಿತಿದ್ದರು.

ಭಾನುವಾರವೇ ಪಂದ್ಯಾವಳಿ, ಭಾನುವಾರವೇ ಪರೀಕ್ಷೆ ಬರುವ ಈ ದಿನಗಳಲ್ಲಿ ನಮ್ಮ ಮನೆಗಳಲ್ಲಿಯೂ ಇದೇ ಇಕ್ಕಟ್ಟು ಏಳುತ್ತದೆ. ಶನಿವಾರ ಸಂಜೆಯ ಬಲಿಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರದ ಕರ್ತವ್ಯ ಸಲ್ಲುತ್ತದೆಂದು ಧರ್ಮಸಭೆ ದಾರಿ ತೋರಿದೆ. ಪ್ರಭುವಿಗೆ ಮೊದಲ ಪಾಲನ್ನು ಕೊಟ್ಟ ಮೇಲೆಯೇ ಮೈದಾನಕ್ಕೆ ಇಳಿಯುವ ಮನಸ್ಸು ನಮ್ಮ ಮಕ್ಕಳಲ್ಲಿರಲಿ. ದಿನವೂ ಓಡುವವರಿಗೆ ವಾರದ ಒಂದು ದಿನದ ವಿಶ್ರಾಂತಿ ಹಿತಕರವೂ ಹೌದು, ಏಕೆಂದರೆ ದಣಿದ ಸ್ನಾಯುಗಳು ಬಲಗೊಳ್ಳುವುದು ವಿರಾಮದಲ್ಲಿಯೇ.

ಹೊಸದಾಗಿ ಆರಂಭಿಸುವವರು ಅವಸರ ಮಾಡಬಾರದು. ಮೊದಲು ಒಂದಿಷ್ಟು ಓಡಿ, ಒಂದಿಷ್ಟು ನಡೆದು, ವಾರದಿಂದ ವಾರಕ್ಕೆ ಓಟವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು. ಪಕ್ಕದವನೊಡನೆ ಮಾತನಾಡುವಷ್ಟು ಉಸಿರು ಉಳಿದಿದ್ದರೆ ವೇಗ ಸರಿಯಾಗಿದೆಯೆಂದು ತಿಳಿಯಬೇಕು. ಬೇಸಿಗೆಯಲ್ಲಿ 40 ಡಿಗ್ರಿ ಮೀರುವ ನಮ್ಮ ಸೀಮೆಯ ಬಿಸಿಲಿನಲ್ಲಿ ಸೂರ್ಯೋದಯಕ್ಕೆ ಮುಂಚೆಯೇ ಓಟ ಮುಗಿಯಬೇಕು, ನೀರನ್ನು ಮರೆಯಬಾರದು. ಪ್ರಾರ್ಥನೆಯ ಅಭ್ಯಾಸವೂ ಹೀಗೆಯೇ ಬೆಳೆಯುತ್ತದೆ. ಒಂದೇ ದಿನದ ಉತ್ಸಾಹಕ್ಕಿಂತ ಪ್ರತಿದಿನದ ಹತ್ತು ನಿಮಿಷ ದೊಡ್ಡದು.

1945ರ ಚಳಿಗಾಲದಲ್ಲಿ ಲಿಡೆಲ್ ಅವರು ಮೆದುಳಿನ ಗೆಡ್ಡೆಯಿಂದ ನರಳುತ್ತಿದ್ದರು. ಆ ದಿನಗಳಲ್ಲೊಮ್ಮೆ, ಪಾದರಕ್ಷೆ ಸವೆದು ಹರಿದುಹೋಗಿದ್ದ ತರುಣನೊಬ್ಬನಿಗೆ ತಮ್ಮ ಓಟದ ಬೂಟುಗಳನ್ನು ತೇಪೆ ಹಾಕಿ ಕೊಟ್ಟರು. ಫೆಬ್ರವರಿ 21ರಂದು, 43ನೆಯ ವಯಸ್ಸಿನಲ್ಲಿ ಅವರ ಓಟ ಮುಗಿಯಿತು. ಆಗಸ್ಟ್ 17ರಂದು ಶಿಬಿರ ಬಿಡುಗಡೆಯಾಯಿತು. ಶತ್ರುಗಳಿಗಾಗಿ ಪ್ರಾರ್ಥಿಸಬೇಕೆಂಬ ಪಾಠವನ್ನು ಲಿಡೆಲ್ ಅವರಿಂದಲೇ ಕಲಿತಿದ್ದ ಆ ತರುಣನು ಮುಂದೆ ಸೇವೆಗೆಂದು ಹೋದುದು, ತನ್ನನ್ನು ಸೆರೆಯಲ್ಲಿಟ್ಟಿದ್ದ ಜಪಾನ್ ದೇಶಕ್ಕೆ.

ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಆರಂಭಿಸಿದ ವಿಶ್ವಾಸದ ಓಟ ಇಂದು ನಮ್ಮ ಕಾಲುಗಳಿಗೆ ಬಂದಿದೆ. ನಮ್ಮ ತರುಣರು ಬಿದ್ದಲ್ಲಿ ಎದ್ದು ಓಡಲಿ, ಗೆದ್ದಲ್ಲಿ ವಿನಯದಿಂದ ನಿಲ್ಲಲಿ, ಹಿಂದೆ ಬರುವವರಿಗೆ ತಮ್ಮ ಬೂಟುಗಳನ್ನು ಬಿಚ್ಚಿಕೊಡುವ ಔದಾರ್ಯ ಅವರಲ್ಲಿ ಬೆಳೆಯಲಿ ಎಂದು ಪ್ರಭುವಿನಲ್ಲಿ ಬೇಡುತ್ತೇವೆ.