ಚನ್ನಬಸವ ಪಟ್ಟದ್ದೇವರು

ಹುಮನಾಬಾದಿನಿಂದ ಪಶ್ಚಿಮಕ್ಕೆ ಹೊರಟರೆ ಬಸವಕಲ್ಯಾಣವನ್ನು ಸೇರಬಹುದು. ಹನ್ನೆರಡನೆಯ ಶತಮಾನದಲ್ಲಿ ಶರಣರು ಜನಸಾಮಾನ್ಯರ ಕನ್ನಡದಲ್ಲಿಯೇ ಉನ್ನತ ತತ್ತ್ವಗಳನ್ನು ನುಡಿದುದು ಈ ನೆಲದಲ್ಲಿ. ಆದರೆ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಇದೇ ನೆಲದ ಮಕ್ಕಳಿಗೆ ಕನ್ನಡದಲ್ಲಿ ಪ್ರೌಢ ವಿದ್ಯೆಯನ್ನು ಪಡೆಯುವುದು ಸುಲಭವಾಗಿರಲಿಲ್ಲ. ಈ ಕೊರತೆಯನ್ನು ನೀಗಿಸಲು ತಮ್ಮ ಬಾಳನ್ನೇ ಮುಡಿಪಾಗಿಟ್ಟವರು ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು.

ಅಂದು ಬೀದರ ಜಿಲ್ಲೆ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿ ಬಹುಕಾಲ ಪಾರಸಿಯೇ ಆಡಳಿತದ ಹಾಗೂ ಪಾಂಡಿತ್ಯದ ಭಾಷೆಯಾಗಿದ್ದಿತು. ಅದರ ಬದಲು ಉರ್ದು ಬರಬೇಕೆಂಬ ವಿಚಾರವನ್ನು ದಿವಾನರಾಗಿದ್ದ ಮೊದಲನೆಯ ಸಾಲಾರ್ ಜಂಗರು ಒಪ್ಪಲಿಲ್ಲ. ೧೮೮೩ರಲ್ಲಿ ಅವರು ತೀರಿಕೊಂಡ ಬಳಿಕವೇ ಉರ್ದುವಿಗೆ ಆ ಸ್ಥಾನ ದೊರೆಯಿತು. ೧೯೧೮ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉನ್ನತ ಶಿಕ್ಷಣವನ್ನೂ ಉರ್ದುವಿನಲ್ಲಿಯೇ ನೀಡತೊಡಗಿತು. ದೇಶಭಾಷೆಯೊಂದು ಸಕಲ ಶಾಸ್ತ್ರಗಳನ್ನೂ ಹೊರಬಲ್ಲುದೆಂದು ತೋರಿಸಿದ ಮಹತ್ತ್ವದ ಸುಧಾರಣೆ ಇದು. ಆದರೆ ಸುಧಾರಣೆ ಅಲ್ಲಿಗೇ ನಿಂತಿತು. ಕನ್ನಡ, ಮರಾಠಿ, ತೆಲುಗು ಮನೆಮಾತಿನ ಮಕ್ಕಳು ಉರ್ದುವನ್ನು ಕಲಿತೇ ಮೇಲಿನ ತರಗತಿಗಳಿಗೆ ಏರಬೇಕಾಗಿತ್ತು. ಹುಮನಾಬಾದು, ಕಲ್ಯಾಣಿ, ಭಾಲ್ಕಿಗಳ ಮಕ್ಕಳ ಪಾಡೂ ಇದೇ ಆಗಿತ್ತು. ಒಂದು ಕಾಲಕ್ಕೆ ಉರ್ದುವಿಗೆ ನಿರಾಕರಿಸಿದ್ದ ಮನ್ನಣೆ ಈಗ ಕನ್ನಡಕ್ಕೆ ದೊರೆಯದಾಯಿತು.

ಪಟ್ಟದ್ದೇವರು ಕಮಲನಗರದವರು. ಬಾದಾಮಿಯ ಸಮೀಪದ ಶಿವಯೋಗಮಂದಿರದಲ್ಲಿ ಅವರು ಸಾಂಪ್ರದಾಯಿಕ ವಿದ್ಯಾಭ್ಯಾಸ ಮಾಡಿದರು. ೧೯೨೪ರಲ್ಲಿ ಭಾಲ್ಕಿ ಹಿರೇಮಠದ ಪೀಠವನ್ನೇರಿದರು. ಮಠಾಧಿಪತಿಯಾಗಿ ಪೂಜೆ, ಪಾದಪೂಜೆಗಳಲ್ಲಿ ನೆಮ್ಮದಿಯಿಂದ ಕಾಲ ಕಳೆಯಬಹುದಾಗಿತ್ತು. ಆದರೆ ಮಕ್ಕಳ ಅಜ್ಞಾನವನ್ನು ಕಂಡು ಅವರು ಸುಮ್ಮನಿರಲಾರದಾದರು. ೧೯೩೬ರಲ್ಲಿ ಶಾಂತಿವರ್ಧಕ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು.

ಖಾಸಗಿ ಶಾಲೆಗಳಿಗೆ ಸರ್ಕಾರದ ಅನುಮತಿ ಅಗತ್ಯವಾಗಿದ್ದ ಕಾಲವದು. ಕನ್ನಡ ಶಾಲೆಯೆಂದರೆ ಅಧಿಕಾರಿಗಳಿಗೆ ಸಂಶಯ. ಕಚೇರಿಯ ಕೆಲಸ ಉರ್ದು ಬಲ್ಲವರಿಗೇ ಮೀಸಲಾಗಿದ್ದುದರಿಂದ ಕನ್ನಡ ಕಲಿತು ಪ್ರಯೋಜನವೇನೆಂಬ ಪ್ರಶ್ನೆಯೂ ಎದುರಿಗಿತ್ತು. ಪಟ್ಟದ್ದೇವರು ಯಾರೊಡನೆಯೂ ಜಗಳಕ್ಕೆ ನಿಲ್ಲಲಿಲ್ಲ. ಶಾಲೆಯ ಹೊರಗೆ ಉರ್ದುವಿನ ಫಲಕವನ್ನು ತೂಗುಹಾಕಿಸಿ, ಒಳಗೆ ಕನ್ನಡದ ಪಾಠವನ್ನು ನಡೆಸಿದರು. ಅವರ ಹೋರಾಟ ಉರ್ದುವಿನ ವಿರುದ್ಧವಾಗಿರಲಿಲ್ಲ; ಮಗು ತನಗೆ ತಿಳಿಯುವ ನುಡಿಯಲ್ಲಿ ಕಲಿಯಬೇಕೆಂಬುದಕ್ಕಾಗಿತ್ತು. ಉರ್ದುವಿಗೆ ಸಲ್ಲುವ ನ್ಯಾಯ ಕನ್ನಡಕ್ಕೂ ಸಲ್ಲಬೇಕಾಗಿತ್ತು. ದಿಕ್ಕಿಲ್ಲದ ಬಡಮಕ್ಕಳಿಗೆ ಮಠದಲ್ಲಿಯೇ ಅನ್ನವನ್ನೂ ಆಶ್ರಯವನ್ನೂ ನೀಡಿ ಓದಿಸಿದರು. ಹೀಗೆ ಭಾಲ್ಕಿಯ ಮಠ ಕನ್ನಡ ಮಠವೆಂದು ಹೆಸರಾಯಿತು.

೧೯೪೮ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡಿತು. ೧೯೫೬ರ ನವೆಂಬರ್ ೧ರಂದು ಬೀದರ ಜಿಲ್ಲೆ ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ಗುಟ್ಟಾಗಿ ನಡೆದ ಪಾಠ ಈಗ ಬಹಿರಂಗವಾಗಿ ನಡೆಯಿತು. ಪಟ್ಟದ್ದೇವರು ಅಷ್ಟಕ್ಕೇ ವಿಶ್ರಮಿಸಲಿಲ್ಲ. ಶರಣರ ನೆನಪಿಗಾಗಿ ಬಸವಕಲ್ಯಾಣದಲ್ಲಿ ಅನುಭವ ಮಂಟಪವನ್ನು ಕಟ್ಟಿಸಲು ಊರೂರು ತಿರುಗಿ ದುಡಿದರು. ನೂರು ವರ್ಷಗಳಿಗೂ ಮೀರಿದ ತುಂಬುಬಾಳನ್ನು ಬಾಳಿ, ೧೯೯೯ರಲ್ಲಿ ಲಿಂಗೈಕ್ಯರಾದರು.

ಫಲಕದ ಅಕ್ಷರವನ್ನು ಅಧಿಕಾರ ನಿರ್ಧರಿಸಬಹುದು. ಆದರೆ ಮಗುವಿನ ಮನಸ್ಸಿಗೆ ವಿದ್ಯೆ ಅದರ ತಾಯ್ನುಡಿಯ ಮೂಲಕವೇ ಸುಲಭವಾಗಿ ಇಳಿಯುತ್ತದೆ. ಪಟ್ಟದ್ದೇವರು ಇದನ್ನು ಭಾಷಣದಿಂದಲ್ಲ, ಶಾಲೆಯನ್ನು ನಡೆಸಿ ತೋರಿಸಿದರು.