ದನ-ಕುರಿ ಕಾಯಲಾರದೆ ದಂಡ ಕಟ್ಟಿದ ಹುಡುಗ, ಜಗತ್ತಿಗೇ ಚಲನೆಯ ಲೆಕ್ಕ ಕೊಟ್ಟ: ನ್ಯೂಟನ್ ಬದುಕಿನ ಕಥೆ

ನಿಂತ ಗಾಡಿ ತಾನಾಗಿ ಹೊರಡಲ್ಲ, ಯಾರಾದರೂ ತಳ್ಳಬೇಕು. ಇದನ್ನು ಲೆಕ್ಕದ ಸಮೇತ ತೋರಿಸಿಕೊಟ್ಟವರು ವಿಜ್ಞಾನಿ ಐಸಾಕ್ ನ್ಯೂಟನ್. ವಿಶೇಷ ಅಂದ್ರೆ ಅವರ ಬದುಕೂ ಹಾಗೇ ನಡೆಯಿತು. ಎರಡು ಸಲ ಅದು ನಿಂತೇ ಹೋಗುವಂತಿತ್ತು. ಎರಡು ಸಲವೂ ಬೇರೆಯವರು ಬಂದು ತಳ್ಳಿದರು.

ಶಾಲೆ ಬಿಡಿಸಿದ ತಾಯಿ

ನ್ಯೂಟನ್ ಹುಟ್ಟಿದ್ದು ಇಂಗ್ಲೆಂಡಿನ ವೂಲ್ಸ್‌ಥಾರ್ಪ್ ಎಂಬ ಸಣ್ಣ ಹಳ್ಳಿಯಲ್ಲಿ, ಆಗಿನ ಅಲ್ಲಿನ ಕ್ಯಾಲೆಂಡರ್ ಪ್ರಕಾರ 1642ರ ಕ್ರಿಸ್‌ಮಸ್ ದಿನ. ರೈತಾಪಿ ಕುಟುಂಬ. ತಂದೆ ಮೂರು ತಿಂಗಳ ಮೊದಲೇ ತೀರಿಕೊಂಡಿದ್ದರು. ದಿನ ತುಂಬದೆ ಹುಟ್ಟಿದ ಕೂಸು ಬದುಕುತ್ತೆ ಅನ್ನೋ ನಂಬಿಕೆ ಯಾರಿಗೂ ಇರಲಿಲ್ಲ. ಮಗುವಿಗೆ ಮೂರು ವರ್ಷವಾದಾಗ ತಾಯಿ ಹ್ಯಾನಾ ಮರುಮದುವೆಯಾಗಿ ಬೇರೆ ಊರಿಗೆ ಹೋದರು. ಹುಡುಗ ಅಜ್ಜಿ ಹತ್ತಿರ ಬೆಳೆದ.

ಎರಡನೇ ಗಂಡನೂ ತೀರಿಕೊಂಡ ಮೇಲೆ ತಾಯಿ ವಾಪಸ್ ಬಂದರು. ಗ್ರಾಂಥಮ್ ಪಟ್ಟಣದ ಶಾಲೆಯಲ್ಲಿ ಓದುತ್ತಿದ್ದ ಮಗನನ್ನು ಬಿಡಿಸಿ, ಜಮೀನು ನೋಡಿಕೋ ಅಂತ ಕೂರಿಸಿದರು. ಹುಡುಗನಿಗೆ ಅದರಲ್ಲಿ ಮನಸ್ಸೇ ಇಲ್ಲ. ಕುರಿ, ಹಂದಿಗಳು ಕಂಡವರ ಹೊಲಕ್ಕೆ ನುಗ್ಗಿದವು, ಬೇಲಿ ಹಾಳುಬಿತ್ತು. 1659ರಲ್ಲಿ ಊರಿನ ನ್ಯಾಯಸ್ಥಾನ ದಂಡ ಹಾಕಿತು.

ಆಗ ಬಂದವರು ಸೋದರಮಾವ ವಿಲಿಯಂ ಮತ್ತು ಹೆಡ್‌ಮಾಸ್ಟರ್ ಹೆನ್ರಿ ಸ್ಟೋಕ್ಸ್. ಇಬ್ಬರೂ ಸೇರಿ ತಾಯಿಯ ಮನವೊಲಿಸಿದರು. 1661ರಲ್ಲಿ ಹುಡುಗ ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜು ಸೇರಿದ, ಅದೂ ಉಳ್ಳವರ ಚಾಕರಿ ಮಾಡಿಕೊಂಡು ಓದುವ ವಿದ್ಯಾರ್ಥಿಯಾಗಿ.

1665ರಲ್ಲಿ ಪ್ಲೇಗ್ ಬಂದು ವಿಶ್ವವಿದ್ಯಾಲಯ ಮುಚ್ಚಿತು. ಹಳ್ಳಿಗೆ ಮರಳಿದ ನ್ಯೂಟನ್ ಗಣಿತ, ಬೆಳಕು, ಗುರುತ್ವದ ಬಗ್ಗೆ ತಲೆ ಕೆಡಿಸಿಕೊಂಡಿದ್ದು ಆಗಲೇ. 26ನೇ ವಯಸ್ಸಿಗೆ ಗಣಿತದ ಪ್ರೊಫೆಸರ್ ಆದರು.

ಕಳೆದುಹೋದ ಹಾಳೆ

ಆದ್ರೆ ಬರೆದದ್ದನ್ನು ಹೊರಗೆ ಕೊಡುವ ಅಭ್ಯಾಸ ಅವರಿಗಿರಲಿಲ್ಲ. 1672ರಲ್ಲಿ ಬೆಳಕಿನ ಬಗ್ಗೆ ಲೇಖನ ಕೊಟ್ಟಾಗ ರಾಬರ್ಟ್ ಹುಕ್ ಜತೆ ಜಗಳವಾಗಿತ್ತು. ಆಮೇಲೆ ಮೌನ.

1684ರ ಆಗಸ್ಟ್‌ನಲ್ಲಿ ಎಡ್ಮಂಡ್ ಹ್ಯಾಲಿ ಕೇಂಬ್ರಿಡ್ಜ್‌ಗೆ ಬಂದರು. ದೂರ ಎರಡು ಪಟ್ಟಾದರೆ ಸೂರ್ಯನ ಸೆಳೆತ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತೆ ಅಂತಾದರೆ, ಗ್ರಹ ಯಾವ ದಾರಿಯಲ್ಲಿ ಸುತ್ತುತ್ತೆ ಅನ್ನೋದು ಅವರ ಪ್ರಶ್ನೆ. ದೀರ್ಘವೃತ್ತ ಅಂತ ನ್ಯೂಟನ್ ತಕ್ಷಣ ಹೇಳಿದರು. ಆ ಲೆಕ್ಕದ ಹಾಳೆ ಮಾತ್ರ ಹುಡುಕಿದರೂ ಸಿಗಲಿಲ್ಲ.

ಹ್ಯಾಲಿ ಬಿಡಲಿಲ್ಲ. ಮತ್ತೆ ಲೆಕ್ಕ ಮಾಡಿಸಿದರು, ಪುಸ್ತಕ ಬರೆಯಲು ಒತ್ತಾಯಿಸಿದರು. ಅಚ್ಚು ಹಾಕಿಸಬೇಕಿದ್ದ ರಾಯಲ್ ಸೊಸೈಟಿ ಬಳಿ ಹಣ ಇರಲಿಲ್ಲ. ಮೀನುಗಳ ಬಗ್ಗೆ ದುಬಾರಿ ಪುಸ್ತಕ ತಂದು, ಅದು ಮಾರಾಟವಾಗದೆ ಕೈ ಸುಟ್ಟುಕೊಂಡಿತ್ತು. ಕೊನೆಗೆ ಹ್ಯಾಲಿ ಸ್ವಂತ ಜೇಬಿನಿಂದಲೇ ಖರ್ಚು ಹಾಕಿದರು. ಸೊಸೈಟಿ ಅವರ ಸಂಬಳಕ್ಕೆ ಬದಲು ಕೊಟ್ಟಿದ್ದು ಅದೇ ಮಾರಾಟವಾಗದ ಮೀನಿನ ಪುಸ್ತಕಗಳನ್ನ!

ಮೂರು ನಿಯಮ

ಹೀಗೆ 1687ರಲ್ಲಿ ಬಂತು ಪ್ರಿನ್ಸಿಪಿಯಾ. ಅದರಲ್ಲಿದ್ದವು ಚಲನೆಯ ಮೂರು ನಿಯಮಗಳು.

ಮೊದಲನೆಯದು, ಹೊರಗಿನ ಬಲ ಬೀಳದಿದ್ದರೆ ನಿಂತದ್ದು ನಿಂತೇ ಇರುತ್ತೆ, ಓಡುವುದು ಅದೇ ವೇಗದಲ್ಲಿ ನೇರ ಓಡುತ್ತಲೇ ಇರುತ್ತೆ. ಬಸ್ ಬ್ರೇಕ್ ಹಾಕಿದಾಗ ನಿಂತವರು ಮುಂದಕ್ಕೆ ಮುಗ್ಗರಿಸೋದು ಇದಕ್ಕೇ. ತಳ್ಳಿದ ಗಾಡಿ ಸ್ವಲ್ಪ ದೂರ ಹೋಗಿ ನಿಲ್ಲೋದು ಘರ್ಷಣೆ ತಡೆಯುವುದರಿಂದ. ಈ ದಾರಿಯಲ್ಲಿ ಗೆಲಿಲಿಯೋ ಮೊದಲೇ ಯೋಚಿಸಿದ್ದರು.

ಎರಡನೆಯದೇ ಮುಖ್ಯ ಲೆಕ್ಕ. ಬಲ ಹೆಚ್ಚಿದಷ್ಟೂ ವೇಗ ಬೇಗ ಬದಲಾಗುತ್ತೆ, ತೂಕ ಹೆಚ್ಚಿದಷ್ಟೂ ನಿಧಾನ. ಗಾಡಿಯ ಒಟ್ಟು ಭಾರ ಎರಡು ಪಟ್ಟಾಗಿ, ಬಲ ಅಷ್ಟೇ ಇದ್ದರೆ ವೇಗೋತ್ಕರ್ಷ ಅರ್ಧಕ್ಕೆ ಇಳಿಯುತ್ತೆ.

ಮೂರನೆಯದು, ತಳ್ಳಿದರೆ ಅಷ್ಟೇ ಬಲದಲ್ಲಿ ಅದೂ ವಾಪಸ್ ತಳ್ಳುತ್ತೆ. ದೋಣಿಯಿಂದ ದಡಕ್ಕೆ ಹಾರಿದರೆ ದೋಣಿ ಹಿಂದೆ ಸರಿಯುತ್ತಲ್ಲ, ಹಾಗೆ.

ನಾಣ್ಯದ ಅಧಿಕಾರಿ

1696ರಲ್ಲಿ ನ್ಯೂಟನ್ ಲಂಡನ್‌ನ ಟಂಕಸಾಲೆಗೆ ಅಧಿಕಾರಿಯಾಗಿ ಹೋದರು. ಬೆಳ್ಳಿ ನಾಣ್ಯಗಳ ಅಂಚು ಕತ್ತರಿಸಿ ಮೋಸ ಮಾಡುತ್ತಿದ್ದ ಕಾಲ. ಹಳೆ ನಾಣ್ಯ ಕರಗಿಸಿ ಹೊಸದು ಹಾಕಿಸುವ ಕೆಲಸ ನೋಡಿಕೊಂಡರು, ಖೋಟಾ ನಾಣ್ಯದವರನ್ನು ಬೆನ್ನಟ್ಟಿ ಹಿಡಿಸಿದರು. ಆದ್ರೆ ಇಂಥ ಲೆಕ್ಕಗಾರನೂ 1720ರಲ್ಲಿ ಸೌತ್ ಸೀ ಕಂಪನಿಯ ಷೇರಿನಲ್ಲಿ ದೊಡ್ಡ ಮೊತ್ತ ಕಳೆದುಕೊಂಡರು.

1727ರಲ್ಲಿ, 84ನೇ ವಯಸ್ಸಿನಲ್ಲಿ ತೀರಿಕೊಂಡ ಅವರಿಗೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಮಾಧಿಯಾಯಿತು. ನ್ಯೂಟನ್ ಲೆಕ್ಕವನ್ನೇ ಹಿಡಿದು ಹ್ಯಾಲಿ ಒಂದು ಧೂಮಕೇತು ಮತ್ತೆ ಬರುತ್ತೆ ಅಂತ ಹೇಳಿದ್ದರು. 1758ರ ಕೊನೆಗೆ ಅದು ಬಂತು. ನೋಡಲು ಇಬ್ಬರೂ ಇರಲಿಲ್ಲ.

ಮಾವ, ಮೇಷ್ಟ್ರು ಸುಮ್ಮನಿದ್ದಿದ್ದರೆ ನ್ಯೂಟನ್ ಬೇಲಿ ಕಟ್ಟುತ್ತಾ ಇರುತ್ತಿದ್ದರೇನೋ. ಹ್ಯಾಲಿ ಬರದಿದ್ದರೆ ಆ ಲೆಕ್ಕ ಹಳೇ ಹಾಳೆಗಳ ನಡುವೆ ಕಳೆದೇ ಹೋಗುತ್ತಿತ್ತೇನೋ. ಓದು ನಿಲ್ಲಿಸಿ ಮನೆಯಲ್ಲೋ ಅಂಗಡಿಯಲ್ಲೋ ಕೂತ ಹುಡುಗ, ಹುಡುಗಿಯರು ಎಲ್ಲ ಊರಲ್ಲೂ ಇದ್ದಾರೆ. ಅವರಿಗೂ ಬೇಕಿರೋದು ಸರಿಯಾದ ಹೊತ್ತಿಗೆ ಒಂದು ತಳ್ಳು.